ಅಣ್ಣ ಹಿಂದಕ್ಕೆ ಪಡೆದ ಅಭಿಪ್ರಾಯ

ಅಣ್ಣ ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳಿಕೊಡುತ್ತಿದ್ದ. ನಾನು ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಮದುವೆಯಾಗಿ ಭದ್ರಾವತಿಯ ಓಲ್ಡ್ ಟೌನಿನಲ್ಲಿದ್ದೆ. ನಮ್ಮ ಮನೆಯವರಿಗೆ ಕೆಲಸ ತಪ್ಪಿ ಆರು ತಿಂಗಳಾಗಿತ್ತು.

ಅರವತ್ತರ ದಶಕದ ಒಂದು ಗೌರಿ ಹಬ್ಬಕ್ಕೆ ದುರ್ಗಿಗುಡಿಯ ತವರಿಗೆ ಹೋದಾಗ, ಅಣ್ಣನ ಮೇಜಿನ ಮೇಲೆ ಟೈಪ್ ಮಾಡಿದ ಹಾಳೆಗಳ ದಪ್ಪ ಕಟ್ಟೊಂದಿತ್ತು. ಬಾಹ್ಯಾಕಾಶ ವಿಜ್ಞಾನದಲ್ಲಿ ಸರ್ಕಾರ ಮುಂದೇನು ಮಾಡಬೇಕೆಂಬ ಯೋಜನೆಯ ಕರಡು. ಸರ್ಕಾರದ ಹಂಗಿಲ್ಲದ ಕೆಲವು ತಿಳಿದವರಿಗೆ ಅದನ್ನು ಕಳಿಸಿ, ಮುಲಾಜಿಲ್ಲದೆ ಅಭಿಪ್ರಾಯ ಬರೆಯಿರಿ ಎಂದು ದಿಲ್ಲಿಯಿಂದ ಕೇಳಿದ್ದರು. ಮೇಲಿನ ವಾಯುಮಂಡಲದ ಬಗ್ಗೆ ವರ್ಷಗಟ್ಟಲೆ ಒಬ್ಬನೇ ಕೂತು ಓದಿದ್ದ ಅಣ್ಣನನ್ನು ಯಾರಾದರೂ ಏನನ್ನಾದರೂ ಕೇಳಿದ್ದು ಅದೇ ಮೊದಲು.

ಬೆಳಿಗ್ಗೆ ನಾನು ಹುರುಳಿಕಾಯಿ ಬಿಡಿಸುತ್ತಿದ್ದರೆ ಅವನು ಬರೆದದ್ದನ್ನು ಕನ್ನಡದಲ್ಲಿ ಹೇಳುತ್ತಿದ್ದ.

“ನಿನಗೆ ಅರ್ಥ ಆದ್ರೆ ದಿಲ್ಲಿಯವ್ರಿಗೂ ಆಗುತ್ತೆ ಮಾರಾಯ್ತಿ.”

“ಪಾಪ, ಅವ್ರನ್ನ ನನ್ನ ಮಟ್ಟಕ್ಕೆ ಇಳಿಸ್ಬೇಡ,” ಎಂದೆ.

“ರಾಕೆಟ್ಟು, ಯಂತ್ರ ಕೊಳ್ಳೋ ಪಟ್ಟಿ ಉದ್ದಕ್ಕಿದೆ ಕಣೇ. ಅವು ಅಳೆದು ಕಳಿಸಿದ್ದನ್ನ ಓದೋರನ್ನ ತಯಾರು ಮಾಡೋ ಮಾತೇ ಇಲ್ಲ. ಮಳೆ ಅಳೆಯೋ ಡಬ್ಬಿ ಇಟ್ಟು, ನೋಡೋಕೆ ಯಾರನ್ನೂ ನೇಮಿಸದೇ ಇದ್ದಂಗೆ.”

ನಮ್ಮಂಥ ಊರಿನ ಕಾಲೇಜುಗಳಿಗೂ ಪ್ರಯೋಗಶಾಲೆ ಕೊಡಿ, ಮೊದಲು ಹುಡುಗರನ್ನು ತಯಾರು ಮಾಡಿ ಎಂಬುದೇ ಅವನ ಬರಹದ ತಿರುಳು.

ಹಬ್ಬದ ಊಟಕ್ಕೆ ಬಂದ ಮನೆಯವರಿಗೆ ಇದನ್ನೆಲ್ಲ ಹೇಳಿದೆ. ಅವರು ನಮ್ಮ ಪಕ್ಕದ ಮನೆಯವರಿಗೆ ಹೇಳಿದರು. ಆತನದೊಂದು ಎರಕದ ಶೆಡ್ಡಿತ್ತು. ನಾನಿನ್ನೂ ತವರಿನಲ್ಲೇ ಇದ್ದೆ; ಮುಂದಿನ ಭಾನುವಾರ ಮನೆಯವರು ಆತನ ಮಾತು ಹೊತ್ತುಕೊಂಡು ಬಂದರು. ಸಣ್ಣ ಶೆಡ್ಡುಗಳಿಗೂ ಬಿಡಿಭಾಗದ ಕೆಲಸ ಕೊಡಬೇಕೆಂಬ ಒಂದು ಸಾಲು ಅಣ್ಣನ ಬರಹದಲ್ಲಿ ಬಿದ್ದರೆ, ಇವರಿಗೆ ಶೆಡ್ಡಿನಲ್ಲಿ ಕೆಲಸ.

ಮರುದಿನ ಅದನ್ನು ನನ್ನದೇ ಯೋಚನೆಯೆಂಬಂತೆ ಹೇಳಿದೆ. “ಅಣ್ಣ, ಎಲ್ಲ ಹೊರಗಿಂದ್ಲೇ ಯಾಕೆ ತರಿಸ್ಬೇಕು? ಕೆಲವು ಭಾಗ ನಮ್ಮ ಸಣ್ಣ ಶೆಡ್ಡಿನವ್ರು ಎರಕ ಹೊಯ್ದು ಕೊಡಲ್ವಾ?”

ಅಣ್ಣ ಪೆನ್ನು ಕೆಳಗಿಟ್ಟು ನನ್ನನ್ನೇ ನೋಡಿದ. “ಇದು ನನಗೆ ಹೊಳೀಲೇ ಇಲ್ಲ ನೋಡು. ನಿನ್ನ ಶಾಲೆ ಬಿಡಿಸಿದ್ದು ತಪ್ಪಾಯ್ತು.”

ಆ ಸಾಲು ಬರೆದ. ಕೊನೆಯ ಹಾಳೆಯಲ್ಲಿ ಒಂದು ಹೇಳಿಕೆಗೆ ರುಜು ಹಾಕಬೇಕಿತ್ತು: ಈ ಅಭಿಪ್ರಾಯದಿಂದ ನನಗಾಗಲಿ ನನ್ನ ಬಂಧುಗಳಿಗಾಗಲಿ ಯಾವ ಲಾಭವೂ ಇಲ್ಲ. ಅದನ್ನೂ ಓದಿ ಹೇಳಿ, “ಇದೊಂದು ಸುಲಭ,” ಎಂದು ರುಜು ಹಾಕಿದ. ನಾನು ತಲೆಯೆತ್ತದೆ ಹುರುಳಿಕಾಯಿಯ ನಾರು ತೆಗೆಯುತ್ತಲೇ ಇದ್ದೆ.

ದೀಪಾವಳಿಗೆ ಅಣ್ಣ ಭದ್ರಾವತಿಗೆ ಬಂದ. ಮನೆಯವರು ಆಗಲೇ ಶೆಡ್ಡಿಗೆ ಹೋಗುತ್ತಿದ್ದರು. ಕಾಫಿ ಕುಡಿಯುವಾಗ, “ಎಲ್ಲ ನಿಮ್ಮ ಆ ಒಂದು ಸಾಲಿನ ಪುಣ್ಯ ಭಾವ,” ಎಂದುಬಿಟ್ಟರು. ನನಗೆ ಗೊತ್ತಿದ್ದದ್ದು ಅಣ್ಣನಿಗೂ ಗೊತ್ತಿದೆಯೆಂದೇ ಅವರು ತಿಳಿದಿದ್ದರು.

ಅಣ್ಣ ಲೋಟ ಕೆಳಗಿಟ್ಟ. “ಆ ಮಾತು ನಿಂದೇ ತಾನೇ?” ಎಂದು ನನ್ನನ್ನು ಕೇಳಿದ.

ಅಲ್ಲ, ಪಕ್ಕದ ಮನೆಯ ಶೆಡ್ಡಿನವರದೆಂದು ಒಪ್ಪಿಕೊಂಡೆ. “ಅದೊಂದು ಸಾಲು ಹೊಡೆದುಹಾಕಿ ಅಂತ ಬರೀ ಅಣ್ಣ. ಉಳಿದಿದ್ದು ನಿಂದೇ ಅಲ್ವಾ?” ಎಂದೆ.

“ಮಾತು ಸರಿಯಾಗೇ ಇತ್ತು. ಆದ್ರೆ ಒಂದು ಸಾಲು ಯಾರೋ ಬರೆಸಿದ್ದು ಅಂದ್ಮೇಲೆ ಉಳಿದಿದ್ದನ್ನ ಯಾರು ನಂಬ್ತಾರೆ? ರುಜು ಹಾಕಿರೋದು ಇಡೀದಕ್ಕೆ.”

ತನ್ನ ಅಭಿಪ್ರಾಯವನ್ನು ಪೂರ್ತಿ ಕೈಬಿಡಬೇಕೆಂದು ದಿಲ್ಲಿಗೆ ಬರೆದ. ಅದರಲ್ಲಿ ನನ್ನ ಸುದ್ದಿಯಿರಲಿಲ್ಲವಂತೆ. ವಿಚಾರಿಸದೆ ರುಜು ಹಾಕಿದ್ದು ತನ್ನ ತಪ್ಪು ಎಂದು ಬರೆದಿದ್ದನಂತೆ. ಪ್ರಯೋಗಶಾಲೆ, ಅಳತೆ ಓದುವ ಹುಡುಗರು, ಎಲ್ಲ ಅದರ ಜೊತೆಗೇ ಹೋಯಿತು. ಅವನನ್ನು ಮತ್ತೆ ಯಾರೂ ಏನೂ ಕೇಳಲಿಲ್ಲ.

ಶೆಡ್ಡಿನ ಕೆಲಸ ಉಳಿಯಿತು. ಆ ಅನ್ನವನ್ನು ಬಹಳ ವರ್ಷ ಉಂಡೆವು. ಪ್ರತಿ ಗೌರಿ ಹಬ್ಬಕ್ಕೂ ಅಣ್ಣ ಕರೆಯುತ್ತಿದ್ದ, ಬಾಗಿನ ಕೊಡುತ್ತಿದ್ದ, ಒಂದು ಕಟುಮಾತೂ ಆಡಲಿಲ್ಲ. ಬೆಳಿಗ್ಗೆ ನಾನು ಅದೇ ಜಾಗದಲ್ಲಿ ತರಕಾರಿ ಹಿಡಿದು ಕೂರುತ್ತಿದ್ದೆ. ಒಮ್ಮೆ ತಡೆಯಲಾರದೆ ಕೇಳಿದೆ:

“ಏನು ಬರೀತಿದ್ದೀಯ ಅಣ್ಣ?”

“ಹುಡುಗ್ರ ಪರೀಕ್ಷೆ ಪೇಪರು,” ಎಂದ. ಹಾಳೆಯ ಮೇಲೆ ಕೈ ಅಡ್ಡ ಇಟ್ಟುಕೊಂಡ, ನನಗೆ ಆ ಇಂಗ್ಲಿಷು ಓದಲು ಬರುವುದಿಲ್ಲವೆಂದು ಗೊತ್ತಿದ್ದರೂ.