ಕಾಕುವಿನ ಒರಳು, ಬಾಗಿಲ ಹೊರಗೆ

ಹೋದ ವಾರ ಹಡಪಸರದ ನಮ್ಮ ಕಟ್ಟಡದ ಕೆಳಗಿನ ಅಂಗಡಿಯ ನೆಲ ಅಗೆದರು. ಹಾಲು ತರಲು ಇಳಿದವಳಿಗೆ ಸಿಮೆಂಟಿನ ಧೂಳಿನ ನಡುವೆ ಬೆಳ್ಳುಳ್ಳಿಯ ವಾಸನೆ ಬಡಿಯಿತು. ನೋಡಿದರೆ, ಫುಟ್‌ಪಾತಿನ ಮೇಲೆ ಆ ಅಂಗಡಿಯ ಕಾಕುವಿನ ಒರಳು. ಎಷ್ಟೋ ವರ್ಷ ಶೇಂಗಾ ಚಟ್ನಿ ಕುಟ್ಟಿದ ಕಲ್ಲು, ಎಣ್ಣೆ ಕುಡಿದು ಕಪ್ಪಾಗಿತ್ತು. ಅದರ ಅಂಚಿನ ಮೇಲೆ ಗಾರೆ ಕೆಲಸದ ಗೌಂಡಿಯೊಬ್ಬ ಕೂತು ಚಹಾ ಕುಡಿಯುತ್ತಿದ್ದ. "ಉಠಾ ಆಧಿ", ಮೊದಲು ಏಳು ಎಂದು ಮರಾಠಿಯಲ್ಲೇ ಗದರಿದೆ. ಲಕ್ಷ್ಮಿ ಇರುವ ಕಲ್ಲಿನ ಮೇಲೆ ಕೂರುವುದೇ?

ನಾವೆಲ್ಲ ಚಿಕ್ಕಮ್ಮನೆಂಬಂತೆ ಕಾಕು ಎನ್ನುತ್ತಿದ್ದ ಅವರು ಬೆಳಗಾವಿ ಕಡೆಯವರು. ಗಂಡ ತೀರಿಕೊಂಡ ಮೇಲೆ ಒಬ್ಬರೇ ಅಂಗಡಿ ನಡೆಸಿದರು. ನೆಲದಲ್ಲಿ ಹೂತಿದ್ದ ಆ ಒರಳಿನಲ್ಲಿ ದಿನಾ ಚಟ್ನಿ ಕುಟ್ಟುತ್ತಿದ್ದರು. ಮಿಕ್ಸರ್ ಎಂದರೆ ಸಾಕು, ಮುಖ ಕಿವುಚುತ್ತಿದ್ದರು... ನಮ್ಮ ಫ್ಲ್ಯಾಟುಗಳಲ್ಲಿ ಒರಳು ಎಲ್ಲಿಂದ ಬರಬೇಕು? ಈ ಮರಾಠಿ ಊರಿನಲ್ಲಿ ಸುತ್ತಲಿನ ಕನ್ನಡದವರ ಮನೆಯಲ್ಲಿ ಮದುವೆ ಗೊತ್ತಾದರೆ ಅರಿಶಿನ ಕುಟ್ಟುವುದು ಅವರ ಅಂಗಡಿಯಲ್ಲೇ. ಆ ಬೆಳಿಗ್ಗೆ ಕಾಕು ವ್ಯಾಪಾರ ನಿಲ್ಲಿಸಿ, ಒರಳು ತೊಳೆದು, ಸುತ್ತ ರಂಗೋಲಿ ಹಾಕಿಡುತ್ತಿದ್ದರು.

ನನ್ನ ಮಗಳ ಮದುವೆಗೂ ಹಾಗೇ ಮಾಡಿದರು. ಐದು ಜನ ಮುತ್ತೈದೆಯರು ಒನಕೆ ಹಿಡಿಯುವ ಹೊತ್ತಿಗೆ ನಮ್ಮ ಅತ್ತೆ, "ಅಂಗಡಿಬಾಯಾರ, ತುಸು ಹೊರಗ ನಿಂದರ್ರಿ. ಶುಭಕಾರ್ಯ ಅದ" ಎಂದರು.

"ಹೌದಲ್ರಿ, ಒಳ್ಳಕಲ್ಲು ನಂದಾದ್ರ ಏನಾತು, ಅರಿಶಿಣ ನಿಮ್ದು" ಎಂದು ಕಾಕು ಫುಟ್‌ಪಾತಿಗೆ ಇಳಿದರು. ಬಿಸಿಲಲ್ಲಿ ನಿಂತು, ಅಲ್ಲಿಂದಲೇ ನನಗೆ ಕೂಗಿದರು: "ಒನಕಿ ನೆಟ್ಟಗ ಹಿಡಿಯವಾ. ಕಾಲ ಮ್ಯಾಲ ಹಾಕ್ಕೊಂಡಿ, ಮದುವ್ಯಾಗ ಕುಂಟಕೋತ ಓಡಾಡಬೇಕಾಗ್ತದ."

ಎಲ್ಲರೂ ನಕ್ಕರು. ನಾನೂ ನಕ್ಕೆ...

ಮರುದಿನ ಕಾಕು ಎಂದಿನಂತೆ ಚಟ್ನಿ ಕೊಟ್ಟು ಕಳಿಸಿದರು. ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲವಲ್ಲ, ವಿಠ್ಠಲನ ದಯೆ ಎಂದು ದೇವರ ಮುಂದೆ ಕೈ ಮುಗಿದೆ. ಅದನ್ನೂ ದಯೆ ಎಂದು ಎಣಿಸಿಕೊಂಡೆನಲ್ಲ ಎಂದು ಈಗ ಮೈ ಉರಿಯುತ್ತದೆ. ಅವರ ಕಲ್ಲು ಬೇಕಿತ್ತು, ಅವರ ರಂಗೋಲಿ ಬೇಕಿತ್ತು. ಅವರ ಕೈ ಮಾತ್ರ ಬೇಡವಾಯಿತು.

ಕಾಕು ತೀರಿಕೊಂಡು ಎರಡು ವರ್ಷವಾಯಿತು. ಈಗ ಅಂಗಡಿ ಹಿಡಿದವಳು ಧಾರವಾಡದ ಹೆಣ್ಣುಮಗಳು. ನಮ್ಮ ಕಡೆಯ ರೊಟ್ಟಿ, ಚಟ್ನಿಪುಡಿ, ಕರದಂಟು ಮಾರುವ ಗಾಜಿನ ಅಂಗಡಿ ಮಾಡುತ್ತಾಳಂತೆ. ಒರಳನ್ನು ಇದ್ದಲ್ಲೇ ಒಳಗೆ ಇಡು ಎಂದು ಜಗಳವಾಡಿದೆ.

"ಒಳಗ ಟೈಲ್ಸ್ ಕೂಡಸೇವ್ರಿ ಆಂಟಿ, ಜಾಗಾ ಇಲ್ಲ. ಬಾಗಲ ಮುಂದ ಗಿಡಾ ಹಚ್ಚಿ ಇಡ್ತೀನಿ, ಚಂದ ಕಾಣಸ್ತದ. ಒಂದು ಕಲ್ಲಿಗೆ ಯಾಕ್ರಿ ಇಷ್ಟು ಸಿಟ್ಟು?"

ಮೇಲೆ ಬಂದೆ. ಗೌಂಡಿಯನ್ನು ಗದರಿದ್ದೆ, ಇವಳ ಮೇಲೂ ಹರಿಹಾಯ್ದಿದ್ದೆ. ಕಲ್ಲಿಗಾಗಿ ಇಷ್ಟು ತೆರೆದ ಬಾಯಿ ಅಂದು ಕಾಕುವಿಗಾಗಿ ತೆರೆಯಲಿಲ್ಲ. "ಒಳಗ ಬರ್ರಿ ಕಾಕು, ಮೊದಲ ಪೆಟ್ಟು ನೀವ ಹಾಕ್ರಿ." ಅಷ್ಟೇ ಹೇಳಬೇಕಿತ್ತು.

ನಿನ್ನೆ ಒರಳಿಗೆ ಮಣ್ಣು ತುಂಬಿ ಗಿಡ ನೆಟ್ಟರು. ಈ ಬೆಳಿಗ್ಗೆ ಹಾಲಿಗೆ ಇಳಿದಾಗ ಅದರ ಬಳಿ ಬಗ್ಗಿ ನಿಂತೆ. ಬೆಳ್ಳುಳ್ಳಿಯ ವಾಸನೆ ಇರಲಿಲ್ಲ.