ಹಸಿರು ಫ್ರಾಕಿನ ಹುಡುಗಿ

ನಾನು ಹೇಳುವುದನ್ನು ನೀವು ನಂಬಲೇಬೇಕೆಂಬ ಹಟ ನನಗಿಲ್ಲ. ಬೇರೆ ಯಾರಾದರೂ ಹೇಳಿದ್ದರೆ ನಾನೂ ನಂಬುತ್ತಿರಲಿಲ್ಲ. ದಮ್ಮಾಮಿನ ಒಂದು ಕಂಪನಿಯಲ್ಲಿ ಎಣ್ಣೆ ಪೈಪುಗಳ ವೆಲ್ಡಿಂಗನ್ನು ಎಕ್ಸ್‌ರೇ ತೆಗೆದು ಪರೀಕ್ಷಿಸುವುದು ನನ್ನ ಕೆಲಸ. ಹೊರಗಿನಿಂದ ಎಷ್ಟೇ ನುಣುಪಾಗಿ ಕಾಣಲಿ, ಒಳಗೆ ಬಿರುಕಿದ್ದರೆ ಇದೆ, ಇಲ್ಲದಿದ್ದರೆ ಇಲ್ಲ. ಈ ಕೆಲಸದಲ್ಲೇ ತಲೆ ನರೆತವನಿಗೆ ಅತೀಂದ್ರಿಯ ಅನುಭವಗಳೆಲ್ಲ ಪುರುಸೊತ್ತಿದ್ದವರ ಮಾತು ಅನ್ನಿಸುತ್ತಿತ್ತು.

ಕೆಲವು ವರ್ಷಗಳ ಹಿಂದೆ ಪೋಲೆಂಡಿನಿಂದ ಹನ್ನಾ ಎಂಬ ಸಂಶೋಧಕಿ ಬಂದರು. ತಮ್ಮ ದೇಶದ ಒಬ್ಬ ಹಳೆಯ ಚಿತ್ರಕಾರನ ಬಗ್ಗೆ ಅವರ ಅಧ್ಯಯನ. ಆತ ಕಲಾ ಅಕಾಡೆಮಿಯಲ್ಲಿ ಕ್ರಮವಾಗಿ ಕಲಿತು, ನಮ್ಮ ಹಾಗೆಯೇ ಹೊಟ್ಟೆಪಾಡಿಗೆ ಊರು ಬಿಟ್ಟು, ಪರದೇಶಗಳಲ್ಲೇ ಚಿತ್ರ ಬರೆದು ತೀರಿಕೊಂಡವನು. ಅವನದಿರಬಹುದಾದ, ಸಹಿಯಿಲ್ಲದ ಒಂದು ಚಿತ್ರ ದಮ್ಮಾಮಿನ ಒಬ್ಬ ವ್ಯಾಪಾರಿಯ ಮನೆಯಲ್ಲಿತ್ತು. ಅದು ಅವನದೇ ಎಂಬ ಹನ್ನಾರ ವಾದವನ್ನು ಅವರ ಜೊತೆಯ ವಿದ್ವಾಂಸರು ತಳ್ಳಿಹಾಕಿದ್ದರಂತೆ. ಚಿತ್ರವನ್ನು ಹೊರಗೆ ಕಳಿಸಲು ವ್ಯಾಪಾರಿ ಒಪ್ಪಲಿಲ್ಲ. ಮನೆಯಲ್ಲೇ, ಒಂದೇ ದಿನದಲ್ಲಿ ನೋಡಿ ಮುಗಿಸಿ ಎಂದ. ಬಣ್ಣದ ಅಡಿಯಲ್ಲಿ ಏನಿದೆ ಎಂದು ನೋಡಬೇಕೆಂದು ಹನ್ನಾ ಕೇಳಿಕೊಂಡದ್ದರಿಂದ, ಸಣ್ಣದೊಂದು ಎಕ್ಸ್‌ರೇ ಯಂತ್ರ ಕೊಟ್ಟು ಕಂಪನಿ ನನ್ನನ್ನೂ ಬಂಟ್ವಾಳದ ರಫೀಕನನ್ನೂ ಕಳಿಸಿತು.

ಅಂದು ಶುಕ್ರವಾರ. ರಫೀಕ್ ಮತ್ತು ಮನೆಯ ಯಜಮಾನ ಜುಮ್ಮಾ ನಮಾಜಿಗೆ ಹೋದರು. ಹನ್ನಾರನ್ನು ಮನೆಯ ಹೆಂಗಸರು ಕಾಫಿಗೆ ಒಳಗೆ ಕರೆದುಕೊಂಡು ಹೋದರು. ಅತಿಥಿಗಳನ್ನು ಕೂರಿಸುವ ದೊಡ್ಡ ಮಜ್ಲಿಸಿನಲ್ಲಿ ನಾನೊಬ್ಬನೇ. ಎದುರಿಗೆ ಆ ಚಿತ್ರ. ಅದರಲ್ಲಿ ಕುರ್ಚಿಯಲ್ಲಿ ಕುಳಿತ ಕಪ್ಪು ಉಡುಪಿನ ಒಬ್ಬ ಹೆಂಗಸು. ಅವಳ ಮೊಣಕಾಲಿನ ಪಕ್ಕದಲ್ಲಿ ಆರೇಳು ವರ್ಷದ ಒಬ್ಬಳು ಹುಡುಗಿ. ಹಸಿರು ಫ್ರಾಕು, ಅಗಲವಾದ ಹಣೆ. ನೇರ ನನ್ನನ್ನೇ ನೋಡಿ ನಗುತ್ತಿದ್ದಳು. ಮುಂದಿನ ಒಂದು ಹಲ್ಲು ಬಿದ್ದಿತ್ತು. ಊರಿನಲ್ಲಿದ್ದ ನನ್ನ ಮಗಳಿಗೂ ಆಗ ಅದೇ ಪ್ರಾಯ. ನನಗೂ ನಗು ಬಂತು. "ಸ್ವಲ್ಪ ಅಲ್ಲಾಡದೆ ನಿಲ್ಲು ಮಗಾ," ಎಂದು ತಮಾಷೆಗೆ ಹೇಳಿ, ಅವಳು ಪೂರ್ತಿ ಬರುವ ಹಾಗೆ ಚಿತ್ರದ ಹಿಂದೆ ಪ್ಲೇಟು ಕೂರಿಸಿದೆ.

ಅಷ್ಟರಲ್ಲಿ ರಫೀಕ್ ಬಾಗಿಲಲ್ಲಿ ನಿಂತಿದ್ದ. "ಎಂತ ಮಾರಾಯ, ಯಾರ ಹತ್ರ ಮಾತಾಡ್ತಾ ಇದ್ದಿ?"

"ಈ ಹುಡುಗಿ ಹತ್ರ," ಎಂದು ತಿರುಗಿದೆ. ಹೆಂಗಸಿನ ಪಕ್ಕದಲ್ಲಿದ್ದದ್ದು ಕಂದು ಬಣ್ಣದ ಪರದೆ. ಅವಳ ಎಡಗೈ ಆ ಪರದೆಯ ಮೇಲೆ ಸುಮ್ಮನೆ ಇಳಿಬಿದ್ದಿತ್ತು. ಹುಡುಗಿ ಇರಲಿಲ್ಲ.

"ಯಾವ ಹುಡುಗಿ?" ಎಂದು ಇಂಗ್ಲಿಷಿನಲ್ಲಿ ಕೇಳಿದವರು ರಫೀಕನ ಹಿಂದೆಯೇ ಬಂದಿದ್ದ ಹನ್ನಾ. ನನ್ನ ಕನ್ನಡ ಮಾತಿನ ಅರ್ಥವನ್ನು ಅವರಿಗೆ ಹೇಳಿದ್ದವನು ರಫೀಕ್. ನಾನು ಕಂಡದ್ದನ್ನೆಲ್ಲ ಹೇಳಿದೆ. ಅವರ ಮುಖ ಬಿಳಿಚಿತು. ಚಿತ್ರಕಾರ ತನ್ನ ಹೆಂಡತಿ, ಮಗಳು ಇಬ್ಬರನ್ನೂ ಬರೆದ ಒಂದು ಚಿತ್ರ ಕಳೆದುಹೋಗಿತ್ತು. ಇದೇ ಅದು ಎನ್ನುವುದೇ ಅವರ ವಾದ. ಮಗಳ ವಿಷಯವನ್ನು ಅವರು ನಮಗ್ಯಾರಿಗೂ ಹೇಳಿರಲಿಲ್ಲ.

ಎಲ್ಲರನ್ನೂ ಹೊರಗೆ ಕಳಿಸಿ ಎಕ್ಸ್‌ರೇ ತೆಗೆದೆ. ಪರದೆಯ ಬಣ್ಣದ ಅಡಿಯಲ್ಲಿ ಪುಟ್ಟ ತಲೆ, ಭುಜ, ಫ್ರಾಕಿನ ನೆರಿಗೆ. ತಾಯಿಯ ಎಡಗೈ ಆ ಭುಜದ ಮೇಲಿತ್ತು. ಮುಖದ ಜಾಗ ಮಾತ್ರ ಮಸುಕು. ಹನ್ನಾ ಬಾಯಿಗೆ ಕೈ ಅಡ್ಡ ಹಿಡಿದು ಅತ್ತುಬಿಟ್ಟರು. "ಸುಭಾನಲ್ಲಾ," ಎಂದ ಯಜಮಾನ, ಚಿತ್ರ ಶುಚಿ ಮಾಡಿಸಲು ಅಲ್ಲೇ ಒಪ್ಪಿದ.

ಬೆಳಕು ಓರೆಯಾಗಿ ಬಿದ್ದಾಗ ಅಡಿಯ ಗೆರೆಗಳು ಕಂಡಿರಬಹುದು, ಉಳಿದದ್ದನ್ನು ಮನಸ್ಸು ತುಂಬಿಕೊಂಡಿತು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಮರುವರ್ಷ ಹನ್ನಾ ಫೋನಿಗೆ ಒಂದು ಫೋಟೊ ಕಳಿಸುವವರೆಗೂ ಅದು ಸಾಕಾಗಿತ್ತು.

ಅದು ಶುಚಿ ಮಾಡಿದ ಚಿತ್ರದ ಫೋಟೊ; ಹುಡುಗಿಯ ಮೇಲೆ ಹಿಂದೆಂದೋ ಯಾರೋ ಬಳಿದಿದ್ದ ಕಂದು ಬಣ್ಣವನ್ನು ತೆಗೆದಿದ್ದರು. ಫ್ರಾಕು ಹಸಿರೇ. ಆದರೆ ಹುಡುಗಿ ನಮಗೆ ಬೆನ್ನು ಹಾಕಿ, ತಾಯಿಯ ಮಡಿಲಲ್ಲಿ ಮುಖವಿಟ್ಟು ನಿಂತಿದ್ದಳು. ಆ ಚಿತ್ರದಲ್ಲಿ ಅವಳ ಮುಖವನ್ನು ಬರೆದೇ ಇರಲಿಲ್ಲ.

ಸ್ವಲ್ಪ ಹೊತ್ತಿಗೆ ಹನ್ನಾ ಕರೆ ಮಾಡಿದರು. "ಅವಳ ಮುಖ ತೋರಿಸುವ ಒಂದು ಗೆರೆಯೂ ಎಲ್ಲೂ ಉಳಿದಿಲ್ಲ. ಅವಳು ಹೇಗಿದ್ದಳು, ಇನ್ನೊಮ್ಮೆ ಹೇಳುತ್ತೀರಾ?"

ಹೇಳಿದೆ. ಹಣೆ, ಕಣ್ಣು, ಹಲ್ಲು ಬಿದ್ದ ಆ ನಗು. ಹೇಳುವಾಗ ನನಗೆ ಎಳ್ಳಷ್ಟೂ ಅನುಮಾನವಿರಲಿಲ್ಲ, ಈಗಲೂ ಇಲ್ಲ. ಬರೆಯದ ಮುಖವನ್ನು ನಾನು ಎಲ್ಲಿ ನೋಡಿದೆ ಎಂದು ಮಾತ್ರ ನನ್ನನ್ನು ಕೇಳಬೇಡಿ.