ಇಲ್ಲದ ಟಾಕೀಜಿಗೆ ದಾರಿ

ಗೆಳೆಯರೇ, ಟ್ಯಾಕ್ಸಿ ಚಾಲಕರಿಗೆ ಹೊಸ ನಿಯಮದಂತೆ ನಮ್ಮ ನಗರಸಭೆಯಲ್ಲಿ ನಡೆದ ಪರೀಕ್ಷೆಯಲ್ಲಿ ಇಂದು ಬೆಳಿಗ್ಗೆ ಬೆಳ್ಳಟ್ಟಿಯ ಈರಣ್ಣನನ್ನು ನಪಾಸು ಮಾಡಿದರು. ನಿಜ ಹೇಳಿದ್ದೇ ಅವನ ತಪ್ಪು. ಸ್ಟೇಷನ್ನಿನಿಂದ ಹಳೇ ಟಾಕೀಜಿಗೆ ದಾರಿ ಯಾವುದು ಎಂಬುದು ಪ್ರಶ್ನೆ.

"ಟಾಕೀಜ್ ಕೆಡವ್ಯಾರ್ರೀ ಸಾಹೇಬ್ರ. ಅಲ್ಲೀಗ ಕಲ್ಯಾಣ ಮಂಟಪ ಐತಿ," ಎಂದ ಈರಣ್ಣ.

"ನಮ್ಮ ಪುಸ್ತಕದಾಗ ಟಾಕೀಜ್ ಐತಿ. ದಾರಿ ಗೊತ್ತಿಲ್ಲಂದ್ರ ಲೈಸೆನ್ಸ್ ಇಲ್ಲ," ಎಂದರು ಅಧಿಕಾರಿ.

ಈರಣ್ಣನ ಜೊತೆಗೆ ಹೋಗಿದ್ದೆ; ಆ ಟಾಕೀಜಿನ ಕಡೆಯ ಆಟ ನೋಡಿದವನು ನಾನು. ಸುಮ್ಮನಿರಲಾಗಲಿಲ್ಲ. "ಕೆಡವಾಕ ಪರವಾನಗಿ ಕೊಟ್ಟಾವ್ರು ನೀವ ಅಲ್ಲೇನ್ರೀ?"

"ಅದು ಬ್ಯಾರೆ ಸೆಕ್ಷನ್ ರೀ ಮಾಸ್ತರ."

ಹದಿನೆಂಟು ವರ್ಷ ಇದೇ ಊರಲ್ಲಿ ಟ್ಯಾಕ್ಸಿ ಓಡಿಸಿದವನು ನಾಳೆಯಿಂದ ಮನೆಯಲ್ಲಿ ಕೂರಬೇಕು. ನಾನು ಬಿಡುವವನಲ್ಲ. ಪ್ರಶ್ನೆ ಬರೆದ ಸಾಹೇಬರು ಈರಣ್ಣನ ಗಾಡಿ ಹತ್ತಿ, ಊರ ಮಂದಿಯ ಎದುರು ಆ ಟಾಕೀಜಿಗೆ ದಾರಿ ತೋರಿಸಲಿ. ಬಾಡಿಗೆ ನನ್ನದು.